ಮೊದಲು ಖಾಲಿ ಕೋಷ್ಟಕ, ಆಮೇಲೆ ಪ್ರಶ್ನಾವಳಿ

ಸಂಶೋಧನಾ ವಿಧಾನ ಕಲಿಯಲು ಹೊರಟವರು ಬಹುತೇಕ ಪ್ರಶ್ನಾವಳಿ ಬರೆಯುವುದರಿಂದಲೇ ಶುರು ಮಾಡುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೆ. ಈಗ ಕೊನೆಯಿಂದ ಹಿಂದಕ್ಕೆ ಬರುತ್ತೇನೆ. ವರದಿಯಲ್ಲಿ ಬರಬೇಕಾದ ಕೋಷ್ಟಕವನ್ನು ಅಂಕಿಗಳಿಲ್ಲದೆ ಮೊದಲು ಬರೆದಿಟ್ಟು, ಆ ಖಾಲಿ ಮನೆಗಳನ್ನು ತುಂಬಲು ಏನೇನು ಬೇಕೋ ಅಷ್ಟನ್ನೇ ಕೇಳುತ್ತೇನೆ.

ಉದಾಹರಣೆಗೆ, ಗ್ರಂಥಾಲಯ ಮನೆಯಿಂದ ದೂರವಾದಷ್ಟೂ ಜನ ಅದನ್ನು ಬಳಸುವುದು ಕಡಿಮೆಯೇ ಎಂಬ ಪ್ರಶ್ನೆ ತೆಗೆದುಕೊಳ್ಳಿ. ಕೋಷ್ಟಕದ ಮೇಲ್ಗಡೆ ದೂರದ ಮೂರು ಕಂಬಸಾಲು: 1 ಕಿ.ಮೀ.ಗಿಂತ ಕಡಿಮೆ, 1ರಿಂದ 3ರೊಳಗೆ, 3 ಮತ್ತು ಅದಕ್ಕಿಂತ ಹೆಚ್ಚು. ಎಡಗಡೆ ಎರಡು ಅಡ್ಡಸಾಲು: ಕಳೆದ 30 ದಿನಗಳಲ್ಲಿ ಹೋಗಿದ್ದಾರೆ, ಹೋಗಿಲ್ಲ. ಗೆರೆ ಎಳೆಯುತ್ತಿದ್ದಂತೆಯೇ ತಕರಾರುಗಳು ಏಳುತ್ತವೆ. ಲೆಕ್ಕಕ್ಕೆ ಬರುವುದು ವ್ಯಕ್ತಿಯೋ, ಮನೆಯೋ? ದೂರವನ್ನು ನಕ್ಷೆಯಲ್ಲಿ ಅಳೆಯುವುದೋ, ಉತ್ತರಿಸುವವರ ಅಂದಾಜನ್ನು ಒಪ್ಪುವುದೋ? ಪುಸ್ತಕ ಮರಳಿಸಲು ಎರಡು ನಿಮಿಷ ಒಳಗೆ ಹೋದದ್ದೂ ‘ಬಳಕೆ’ಯೇ? ಪರಿಕಲ್ಪನೆಯನ್ನು ಅಳೆಯಬಲ್ಲ ಚಲಕವಾಗಿ (ಒಬ್ಬರಿಂದೊಬ್ಬರಿಗೆ ಬೆಲೆ ಬದಲಾಗುವ ಅಳತೆಯಾಗಿ) ಮಾಡುವುದು ಎಂದು ಪಠ್ಯಗಳು ಹೇಳುವುದು ಇದನ್ನೇ. ವ್ಯಾಖ್ಯಾನ ಓದಿದಾಗ ತಲೆಗೆ ಹತ್ತದ್ದು ಖಾಲಿ ಕೋಷ್ಟಕದ ಮುಂದೆ ಕೂತರೆ ಹತ್ತುತ್ತದೆ.

ಮಾದರಿ, ಅಂದರೆ ಎಲ್ಲರ ಬದಲಿಗೆ ಆರಿಸಿ ಕೇಳುವ ಜನ, ಎಷ್ಟಿರಬೇಕು ಎಂಬುದಕ್ಕೂ ಉತ್ತರ ಅದೇ ಕೋಷ್ಟಕದಲ್ಲಿದೆ. ಶೇಕಡಾವಾರು ಅಂದಾಜಿಗೆ, 95% ವಿಶ್ವಾಸ ಮಟ್ಟದಲ್ಲಿ (ಹೀಗೇ ನೂರು ಸಲ ಮಾದರಿ ತೆಗೆದರೆ ಸುಮಾರು 95 ಸಲ ಅಂದಾಜು ಈ ದೋಷದೊಳಗೇ ಇರುವಂತೆ), ±5 ಶೇಕಡಾ ಅಂಶದ ದೋಷ ಸಾಕೆಂದರೆ ಸುಮಾರು 384 ಜನ ಬೇಕು; ±3ಕ್ಕೆ ಇಳಿಸಬೇಕೆಂದರೆ 1067. ಹೊಸಬರು 384 ಎಂಬ ಅಂಕಿಯನ್ನು ಮಂತ್ರದಂತೆ ಹಿಡಿದುಕೊಳ್ಳುತ್ತಾರೆ. ಅದು ಇಡೀ ಮಾದರಿಯಿಂದ ಒಂದೇ ಶೇಕಡಾವಾರು ಹೇಳಲು ಮಾತ್ರ. ನಮ್ಮ ಕೋಷ್ಟಕದಲ್ಲಿ ಮೂರು ಗುಂಪುಗಳಿವೆ. 384 ಜನ ಸಮನಾಗಿ ಹಂಚಿಹೋದರೂ ಗುಂಪಿಗೆ 128, ದೋಷ ಸುಮಾರು ±8.7. ಎರಡು ಗುಂಪುಗಳ ನಡುವೆ 6 ಅಂಶದ ವ್ಯತ್ಯಾಸ ಕಂಡರೆ ಅದರ ಮೇಲೆ ಭಾರ ಹಾಕುವಂತಿಲ್ಲ. ಇಷ್ಟೆಲ್ಲ ಪೂರ್ಣಗೊಂಡ ಸಂದರ್ಶನಗಳ ಲೆಕ್ಕ. ಹತ್ತರಲ್ಲಿ ಎಂಟು ಜನ ಉತ್ತರಿಸುತ್ತಾರೆಂದು ಅಂದಾಜಿದ್ದರೆ 384ಕ್ಕಾಗಿ 480 ಹೆಸರು ಆರಿಸಬೇಕು. ಸಿಗದವರ ಬದಲಿಗೆ ಪಕ್ಕದ ಮನೆಯವರನ್ನು ಹಿಡಿದರೆ, ಹಗಲು ಮನೆಯಲ್ಲಿರುವವರೇ ಮಾದರಿಯಲ್ಲಿ ತುಂಬಿಕೊಳ್ಳುತ್ತಾರೆ. ಬೇರೆ ಬೇರೆ ಹೊತ್ತಿನಲ್ಲಿ ಮೂರು ಸಲ ಹೋಗಿ ನೋಡಿದ ಮೇಲಷ್ಟೇ ಒಂದು ಹೆಸರನ್ನು ‘ಸಿಗಲಿಲ್ಲ’ ಎಂದು ಗುರುತು ಹಾಕುತ್ತೇನೆ.

ಓಡಾಟ ಉಳಿಸಲು ಕೆಲವೇ ಬಡಾವಣೆಗಳನ್ನು ಆರಿಸಿ ಅಲ್ಲಿ ಹೆಚ್ಚು ಜನರನ್ನು ಕೇಳುವುದುಂಟು. ಅದಕ್ಕೆ ಬೆಲೆ ತೆರಬೇಕು, ಏಕೆಂದರೆ ಒಂದೇ ಬಡಾವಣೆಯವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಆ ಹೋಲಿಕೆಯ ಅಳತೆ (0 ಎಂದರೆ ಹೋಲಿಕೆಯೇ ಇಲ್ಲ, 1 ಎಂದರೆ ಬಡಾವಣೆಯವರೆಲ್ಲರದೂ ಒಂದೇ ಉತ್ತರ) ಬರೀ 0.05 ಇದ್ದರೂ, ತಲಾ 20 ಜನರಂತೆ 20 ಬಡಾವಣೆಗಳಲ್ಲಿ ಕೇಳಿದ 400 ಜನ, ಬಿಡಿಬಿಡಿಯಾಗಿ ಆರಿಸಿದ ಸುಮಾರು 205 ಜನರಿಗೆ ಮಾತ್ರ ಸಮ. ಬಡಾವಣೆ ಹೆಚ್ಚಿಸಿ, ತಲಾ ಸಂಖ್ಯೆ ಇಳಿಸುವುದು ಲೇಸು.

ಬರೀ ಸಂಖ್ಯೆ ದೊಡ್ಡದಾದರೆ ಸಾಲದು ಎನ್ನಲು ಹಳೆಯ ನಿದರ್ಶನವೇ ಇದೆ. 1936ರ ಅಮೆರಿಕ ಅಧ್ಯಕ್ಷೀಯ ಚುನಾವಣೆಗೆ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು 1 ಕೋಟಿ ಮತಪತ್ರ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ವಾಪಸು ಬಂದವು, ಆಗಿನ ಅಧ್ಯಕ್ಷ ರೂಸ್‌ವೆಲ್ಟ್ ವಿರುದ್ಧ ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆಂದು ಅದು ಹೇಳಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಮತಪತ್ರ ಕಳಿಸಿದ ಪಟ್ಟಿಯಲ್ಲಿ ಟೆಲಿಫೋನು, ಕಾರು ಇದ್ದ ಉಳ್ಳವರೇ ಹೆಚ್ಚಿದ್ದರು. ಉತ್ತರಿಸಲು ಮನಸ್ಸು ಮಾಡಿದವರೂ ಒಂದು ಬಗೆಯವರೇ ಆಗಿದ್ದರು.

ಪ್ರಶ್ನೆಗಳಿಗೆ ಬಂದರೆ, ‘ನೀವು ಆಗಾಗ ಗ್ರಂಥಾಲಯಕ್ಕೆ ಹೋಗುತ್ತೀರಾ?’ ಎಂದು ಕೇಳುವುದೇ ಇಲ್ಲ. ಒಬ್ಬರ ‘ಆಗಾಗ’ ವಾರಕ್ಕೊಮ್ಮೆ, ಇನ್ನೊಬ್ಬರದು ವರ್ಷಕ್ಕೆರಡು ಸಲ. ‘ಕಳೆದ 30 ದಿನಗಳಲ್ಲಿ ಎಷ್ಟು ಸಲ ಹೋಗಿದ್ದೀರಿ?’ ಎಂದರೆ ಅಂಕಿ ಸಿಗುತ್ತದೆ. ಓದುವುದು ಒಳ್ಳೆಯದೆಂಬ ಭಾವನೆ ಎಲ್ಲರಲ್ಲೂ ಇರುವುದರಿಂದ ಜನ ಆ ಅಂಕಿಯನ್ನೂ ಸ್ವಲ್ಪ ಏರಿಸಿಯೇ ಹೇಳುತ್ತಾರೆ. ‘ಹೋಗಲು ಬಿಡುವಾಯಿತೇ, ಆಗಲಿಲ್ಲವೇ?’ ಎಂದು ಶುರು ಮಾಡಿದರೆ ಇಲ್ಲ ಎನ್ನಲು ಸಂಕೋಚ ಕಡಿಮೆ. ‘ಪುಸ್ತಕಗಳೂ ಸಿಬ್ಬಂದಿಯ ನಡವಳಿಕೆಯೂ ಚೆನ್ನಾಗಿವೆಯೇ?’ ಎಂಬುದು ಎರಡು ಪ್ರಶ್ನೆ, ಒಂದೇ ಉತ್ತರಕ್ಕೆ ಕಟ್ಟಿದ್ದು. ಒಡೆಯಬೇಕು. ಅಂತರಗಳನ್ನು 1–3, 3–5 ಎಂದು ಬರೆದರೆ 3 ಎಂದವರು ಎರಡೂ ಕಡೆ ಬೀಳುತ್ತಾರೆ.

ಪ್ರಶ್ನಾವಳಿಯನ್ನು ಮುದ್ರಣಕ್ಕೆ ಕೊಡುವ ಮೊದಲು, ಮಾದರಿಯಲ್ಲಿಲ್ಲದ 10–15 ಜನರ ಮೇಲೆ ಪರೀಕ್ಷಿಸುತ್ತೇನೆ. ಉತ್ತರ ಬರೆದುಕೊಂಡ ಮೇಲೆ, ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಹೇಳಲು ಕೇಳುವುದೇ ಈ ಹಂತದ ತಿರುಳು. ಬರೀ ಉತ್ತರ ನೋಡಿದರೆ ತಪ್ಪು ಗ್ರಹಿಕೆ ಕಾಣುವುದಿಲ್ಲ. ತಪ್ಪಾಗಿ ತಿಳಿದವರೂ ಅಚ್ಚುಕಟ್ಟಾಗಿಯೇ ಉತ್ತರಿಸುತ್ತಾರೆ.

ದತ್ತಾಂಶ ತುಂಬುವಾಗ ‘ಶೂನ್ಯ’ ಮತ್ತು ‘ಉತ್ತರವಿಲ್ಲ’ ಬೆರೆಯಬಾರದು. ಒಂದು ಸಲವೂ ಹೋಗದವರಿಗೆ 0, ಉತ್ತರಿಸದವರಿಗೆ −9. ಉತ್ತರವಿಲ್ಲದ್ದಕ್ಕೆ 99 ಹಾಕುವ ರೂಢಿ ವಯಸ್ಸಿನ ಕಂಬಸಾಲಿನಲ್ಲಿ ಕೈಕೊಡುತ್ತದೆ, 99 ವರ್ಷದವರೂ ಇರಬಹುದಲ್ಲ. −9 ಹಾಕಿದರೂ, ಅದು ಲೆಕ್ಕದಿಂದ ಹೊರಗೆ ಎಂದು ತಂತ್ರಾಂಶಕ್ಕೆ ತಿಳಿಸಲು ಮರೆತರೆ ಸರಾಸರಿ ಸದ್ದಿಲ್ಲದೆ ಇಳಿದಿರುತ್ತದೆ. ಹಾಗಾಗಿ ಮೊದಲು ಪ್ರತಿ ಚಲಕದ ಕನಿಷ್ಠ, ಗರಿಷ್ಠ ಬೆಲೆ ನೋಡುತ್ತೇನೆ. 30 ದಿನಗಳಲ್ಲಿ 300 ಭೇಟಿ ಎಂಬಂಥವು ಅಲ್ಲೇ ಸಿಕ್ಕಿಬೀಳುತ್ತವೆ.

ಈಗ ಖಾಲಿ ಮನೆಗಳಿಗೆ ಅಂಕಿ. ಕಾರಣವೆಂದು ಊಹಿಸಿದ ಚಲಕ ಮೇಲ್ಗಡೆ ಇದ್ದರೆ ಶೇಕಡಾವಾರನ್ನು ಕಂಬಸಾಲಿನ ಒಳಗೇ ತೆಗೆಯಬೇಕು, ಪ್ರತಿ ಕಂಬಸಾಲು 100 ಆಗುವಂತೆ. ಅಡ್ಡಕ್ಕೆ ತೆಗೆದರೆ ಬೇರೊಂದೇ ಪ್ರಶ್ನೆಗೆ ಉತ್ತರ ಬರುತ್ತದೆ. ದೂರದವರಲ್ಲಿ ಬಳಕೆ ಕಡಿಮೆ ಕಂಡರೂ ದೂರವೇ ಕಾರಣ ಎನ್ನಲು ಅವಸರ ಬೇಡ; ಅಲ್ಲಿರುವವರ ಶಿಕ್ಷಣವೂ ಬೇರೆಯಿರಬಹುದು. ಹೆಚ್ಚು ಓದಿದವರಿಗೊಂದು, ಕಡಿಮೆ ಓದಿದವರಿಗೊಂದು ಎಂದು ಅದೇ ಕೋಷ್ಟಕವನ್ನು ಎರಡು ಸಲ ಹಾಕಿ ನೋಡುತ್ತೇನೆ. ಎರಡರಲ್ಲೂ ವ್ಯತ್ಯಾಸ ಉಳಿದರೆ ದೂರದ ವಾದಕ್ಕೆ ಬಲ; ಎರಡರಲ್ಲೂ ಅಳಿಸಿಹೋದರೆ ದೂರದ ಹೆಸರಿನಲ್ಲಿ ಶಿಕ್ಷಣವೇ ಕಾಣಿಸುತ್ತಿತ್ತು ಎನ್ನಬೇಕಾಗುತ್ತದೆ. ಆದರೆ ಈ ಹೋಲಿಕೆಗೆ ಶಿಕ್ಷಣದ ಪ್ರಶ್ನೆ ಪ್ರಶ್ನಾವಳಿಯಲ್ಲಿ ಮೊದಲೇ ಇರಬೇಕು. ಅದಕ್ಕೇ ಖಾಲಿ ಕೋಷ್ಟಕಗಳನ್ನು ಬರೆಯುವ ದಿನವೇ ಈ ಎರಡನ್ನೂ ಬರೆದಿಡುತ್ತೇನೆ.