3 ನಿಮಿಷಕ್ಕೆ 97 ಸುತ್ತು

ಅಪ್ಪನ ರೆಕಾರ್ಡ್ ಪ್ಲೇಯರನ್ನು ಅಟ್ಟದಿಂದ ಇಳಿಸಿದಾಗ ಮುಚ್ಚಳದ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ಜೊತೆಗೆ ಒಂದು ಆಂಪ್ಲಿಫೈಯರ್, ಎರಡು ಮರದ ಸ್ಪೀಕರ್, ಮೂವತ್ತು ಚಿಲ್ಲರೆ ಎಲ್‌ಪಿಗಳು. ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿರಲಿಲ್ಲ. ಸೂಜಿ ಹಿಡಿದಿರುವ ತೋಳು, ಅಂದರೆ ಟೋನ್‌ಆರ್ಮ್‌ನ ತುದಿಗೆ ಟೇಪಿನಲ್ಲಿ ಅಂಟಿಸಿದ್ದ ಒಂದು ನಾಣ್ಯ ಮಾತ್ರ ಹಾಗೇ ಇತ್ತು. ನೋಡಿ ನಗು ಬಂತು, ಯಾಕಂದ್ರೆ ಅದನ್ನು ಅಂಟಿಸಿದ್ದು ನಾನೇ. ಸೂಜಿ ಪದೇ ಪದೇ ಹಾರುತ್ತಿತ್ತು, ಭಾರ ಹಾಕಿದರೆ ಹಾರಲ್ಲ ಅಂತ ಹುಡುಗ ಬುದ್ಧಿ.

ರಿಪೇರಿಗೆ ಯಾರಿಗೂ ಕೊಡಬಾರದು, ನಾನೇ ಮಾಡಬೇಕು ಅಂತ ಕೂತೆ. ಬೆಸುಗೆ ಹಾಕುವುದು ಅಲ್ಪಸ್ವಲ್ಪ ಗೊತ್ತಿತ್ತು. ಉಳಿದದ್ದನ್ನು ಕೆಡಿಸಿ ಕೆಡಿಸಿ ಕಲಿತೆ.

ಮೊದಲು ಆಂಪ್ಲಿಫೈಯರ್. ಇಷ್ಟು ವರ್ಷ ಸುಮ್ಮನೆ ಕೂತಿದ್ದನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಬಾರದು. ಕರೆಂಟು ಕೂಡಿಟ್ಟುಕೊಳ್ಳುವ ಅದರ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಒಳಗೆ ದ್ರವ ಇರುತ್ತದೆ, ವರ್ಷ ಕಳೆದಂತೆ ಅದು ಒಣಗುತ್ತದೆ. ಆಮೇಲೆ ಒಂದೇ ಸಲ ಪೂರ್ತಿ ಕರೆಂಟು ಬಿಟ್ಟರೆ ಉಬ್ಬಿ ಒಡೆಯಲೂಬಹುದು. ಅದಕ್ಕೆ ಹಳೇ ಕಾಲದ 60 ವ್ಯಾಟಿನ ತಂತಿ ಬಲ್ಬೊಂದನ್ನು ಮಧ್ಯೆ ಸರಣಿಯಲ್ಲಿ ಜೋಡಿಸಿದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರಲ್ಲ. ಸ್ವಿಚ್ ಹಾಕಿದಾಗ ಬಲ್ಬು ಒಮ್ಮೆ ಝಗ್ ಅಂತ ಹೊತ್ತಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆ ಅಂತ ಅರ್ಥ. ನನ್ನದು ಹೊತ್ತಿತು, ಎರಡು ಸೆಕೆಂಡ್ ಯೋಚನೆ ಮಾಡಿತು, ಮಂಕಾಯಿತು. ಅಷ್ಟು ಹೊತ್ತು ನಾನು ಉಸಿರು ಬಿಟ್ಟಿರಲಿಲ್ಲ.

ಆದರೂ ಎಡಗಡೆ ಸ್ಪೀಕರಿನಲ್ಲಿ ಹಮ್ಮ್ ಅನ್ನುವ ಗುಂಯ್‌ಗುಡುವಿಕೆ. ಕೆಪಾಸಿಟರ್‌ಗಳನ್ನು ಒಂದೊಂದಾಗಿ ಬದಲಾಯಿಸಿದೆ. ಒಂದು ತೆಗೆದು, ಅದೇ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಯಾವುದರ ಮೈನಸ್ ಯಾವ ಕಡೆ ಅನ್ನುವುದೇ ಮರೆತುಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ. ಅದನ್ನು ಖಾಲಿ ಮಾಡದೆ ಬೆರಳು ಇಡಬೇಡಿ. ವಾಲ್ಯೂಮ್ ತಿರುಗಿಸಿದಾಗ ಬರುತ್ತಿದ್ದ ಕರಕರ ಮಾತ್ರ ಸುಲಭಕ್ಕೆ ಹೋಯಿತು. ಕಾಂಟ್ಯಾಕ್ಟ್ ಕ್ಲೀನರ್ ಒಂದು ಚೂರು ಸಿಂಪಡಿಸಿ, ಗುಂಡಿಯನ್ನು ನಲವತ್ತು ಸಲ ಆಚೆ ಈಚೆ ತಿರುಗಿಸಿದೆ.

ಸ್ಪೀಕರಿನದು ಬೇರೆ ಕಥೆ. ಕೋನಿನ ಸುತ್ತ ಇರುವ ಫೋಮ್ ಉಂಗುರ ಬೆರಳು ತಾಗಿದರೆ ಪುಡಿಪುಡಿ. ಹೊಸ ಉಂಗುರ ಅಂಟಿಸಿದೆ, ಖುಷಿಯಾಗಿ ಹಾಡು ಹಾಕಿದೆ, ಚರ್ ಚರ್ ಅಂತ ಉಜ್ಜುವ ಸದ್ದು. ಕೋನ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು, ಅದರ ಸುರುಳಿ ಅಯಸ್ಕಾಂತಕ್ಕೆ ತಾಗುತ್ತಿತ್ತು. ಎಲ್ಲ ಕಿತ್ತು ಮತ್ತೆ ಶುರು. ಈ ಸಲ ನಡುವಿನ ಟೊಪ್ಪಿಯನ್ನು ಬ್ಲೇಡಿನಲ್ಲಿ ಬಿಡಿಸಿ, ಸುರುಳಿಯ ಸುತ್ತ ನಾಲ್ಕು ಕಾಗದದ ಪಟ್ಟಿ ಸಿಕ್ಕಿಸಿ, ಕೋನ್ ನೇರ ನಿಂತ ಮೇಲೆ ಅಂಟು ಹಚ್ಚಿದೆ. ಮರುದಿನ ಪಟ್ಟಿ ಎಳೆದು ಟೊಪ್ಪಿ ಅಂಟಿಸಿದೆ. ಎರಡು ಸ್ಪೀಕರಿಗೆ ನಾಲ್ಕು ಸಂಜೆ ಹಿಡಿಯಿತು.

ಆಂಪ್ಲಿಫೈಯರ್ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದ ದಿನಗಳಲ್ಲಿ ತಾಳ್ಮೆ ಇಲ್ಲದೆ ಒಂದು ಪೆದ್ದು ಕೆಲಸ ಮಾಡಿದ್ದೆ. ಪ್ಲೇಯರನ್ನು ಮನೆಯಲ್ಲಿದ್ದ ಹೊಸ ಸೆಟ್ಟಿನ ಆಕ್ಸ್ ಕಿಂಡಿಗೆ ಜೋಡಿಸಿದೆ. ಪಿಟೀಲೆಲ್ಲ ಸೊಳ್ಳೆ ಥರ ಕೇಳಿಸಿತು. ಬಾಸ್ ಅನ್ನೋದೇ ಇಲ್ಲ. ಸೂಜಿ ಕೆಟ್ಟಿದೆ ಅಂದುಕೊಂಡೆ, ಅದಲ್ಲ. ಸೂಜಿಯ ಅಲುಗಾಟವನ್ನು ಕರೆಂಟಾಗಿಸುವ ಪುಟ್ಟ ಡಬ್ಬಿಯೇ ಕಾರ್ಟ್ರಿಜ್. ಮಾಮೂಲಿ ಅಯಸ್ಕಾಂತದ ಕಾರ್ಟ್ರಿಜ್ ಕೊಡುವುದು ಬರೀ ನಾಲ್ಕೈದು ಮಿಲಿವೋಲ್ಟ್. ಅದೂ ಅಲ್ಲದೆ ರೆಕಾರ್ಡ್ ಕೆತ್ತುವಾಗಲೇ ಬಾಸನ್ನು ತಗ್ಗಿಸಿ, ಟ್ರೆಬಲನ್ನು ಏರಿಸಿರುತ್ತಾರೆ. ಬಾಸನ್ನು ಹಾಗೇ ಬಿಟ್ಟರೆ ಸೂಜಿ ಓಡುವ ಗೆರೆ ಅಡ್ಡಡ್ಡ ಅಲೆದಾಡಿ ಜಾಗ ತಿನ್ನುತ್ತದೆ. ಒಂದು ಕಡೆಗೆ ಇಪ್ಪತ್ತು ನಿಮಿಷ ಹಾಡು ಹಿಡಿಸುವುದಿಲ್ಲ. ಕೇಳುವಾಗ ಅದನ್ನು ಉಲ್ಟಾ ಮಾಡಬೇಕು. ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಅನ್ನುವ ಲೆಕ್ಕವೇ 1954ರಲ್ಲಿ ಬಂದ ಆರ್‌ಐಎಎ (ಅಮೆರಿಕದ ರೆಕಾರ್ಡ್ ಕಂಪನಿಗಳ ಸಂಘ) ಕರ್ವ್. ಹಳೇ ಆಂಪ್ಲಿಫೈಯರಿನ ಹಿಂದೆ 'ಫೋನೋ' ಅಂತ ಬರೆದ ಕಿಂಡಿಯ ಒಳಗೆ ಆ ಲೆಕ್ಕ ಮಾಡುವ ಸರ್ಕ್ಯೂಟ್ ಇರುತ್ತದೆ. ನಮ್ಮ ಆಂಪ್ಲಿಫೈಯರಿನ ಹೊಟ್ಟೆ ಮುಚ್ಚಿ ಪ್ಲೇಯರನ್ನು ಅದರ ಫೋನೋಗೆ ಹಾಕಿದ ದಿನ ಸೊಳ್ಳೆ ಹೋಗಿ ಪಿಟೀಲು ಬಂತು.

ಇನ್ನು ಆ ನಾಣ್ಯ. ಟೇಪ್ ಬಿಡಿಸಿ ಪುಟ್ಟ ತೂಕದ ಯಂತ್ರದ ಮೇಲಿಟ್ಟೆ, ಸುಮಾರು 5 ಗ್ರಾಂ. ನನ್ನ ಕಾರ್ಟ್ರಿಜ್‌ಗೆ ಬೇಕಿದ್ದದ್ದು 2 ಗ್ರಾಂಗೂ ಕಮ್ಮಿ. ಅಂದರೆ ವರ್ಷಗಟ್ಟಲೆ ನಾವು ಹಾಡು ಕೇಳುತ್ತಿದ್ದೆವು ಅನ್ನುವುದಕ್ಕಿಂತ ರೆಕಾರ್ಡನ್ನು ಉಳುತ್ತಿದ್ದೆವು. ಭೂತಗನ್ನಡಿಯಲ್ಲಿ ನೋಡಿದರೆ ಸೂಜಿಯ ತುದಿ ಉಳಿಯ ಥರ ಚಪ್ಪಟೆ. ವಜ್ರದ ಸೂಜಿಗೂ ಆಯಸ್ಸು ಇದೆ, ಐನೂರರಿಂದ ಸಾವಿರ ಗಂಟೆ. ಹೊಸ ಸೂಜಿ ಹಾಕಿ, ಟೋನ್‌ಆರ್ಮ್‌ನ ಹಿಂತುದಿಯ ಭಾರ ತಿರುಗಿಸಿ 1.8 ಗ್ರಾಂಗೆ ನಿಲ್ಲಿಸಿದೆ. ಸೂಜಿ ಹಾರಲೇ ಇಲ್ಲ. ಆಗ ಹಾರುತ್ತಿದ್ದದ್ದು ಸೂಜಿ ಸವೆದು, ಗೆರೆಯಲ್ಲಿ ಕಸ ತುಂಬಿದ್ದಕ್ಕೆ.

ಕಸ ತೆಗೆಯಲು ಡಿಸ್ಟಿಲ್ಡ್ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ದ್ರಾವಣ, ಮೆತ್ತನೆ ಬ್ರಶ್. ಗೆರೆ ಹೋದ ದಿಕ್ಕಿಗೇ ಸುತ್ತ ಉಜ್ಜಬೇಕು, ಅಡ್ಡ ಉಜ್ಜಬಾರದು. ಕೊನೆಗೆ ಬರೀ ನೀರಲ್ಲಿ ಜಾಲಿಸಿದೆ. ನಡುವಿನ ಲೇಬಲ್ಲಿಗೆ ನೀರು ತಾಗದ ಹಾಗೆ ಪ್ಲಾಸ್ಟಿಕ್ ಮುಚ್ಚಳ ಒತ್ತಿ ಹಿಡಿದೆ. ಗಂಟಿನಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಎರಡು ಹಳೇ ತಟ್ಟೆಗಳೂ ಇದ್ದವು. ಅವು ವಿನೈಲ್ ಅಲ್ಲ, ಅರಗು. ಆಲ್ಕೋಹಾಲ್ ಬಿದ್ದರೆ ಕರಗುತ್ತವೆ. ಅವುಗಳ ಗೆರೆಯೂ ಅಗಲ, ಎಲ್‌ಪಿ ಸೂಜಿ ಹಾಕಿದರೆ ತಳದಲ್ಲಿ ಅಲೆದಾಡುತ್ತದೆ. ಅದಕ್ಕೆ ಬೇರೆ ಸೂಜಿ ಬೇಕು. ಇನ್ನೂ ತಂದಿಲ್ಲ.

ಇಷ್ಟೆಲ್ಲ ಆದಮೇಲೆ ಒಂದು ಅನುಮಾನ ಉಳಿಯಿತು. ಅಣ್ಣ ಚಿಕ್ಕವನಿದ್ದಾಗ ಕೀಬೋರ್ಡ್ ನುಡಿಸುತ್ತಿದ್ದ. ರೆಕಾರ್ಡ್ ಜೊತೆ ನುಡಿಸಲು ಕೂತರೆ ಶ್ರುತಿ ಯಾವತ್ತೂ ಕೂಡುತ್ತಿರಲಿಲ್ಲ. ಹಾಡಿನ ಷಡ್ಜ ಎರಡು ಕೀಗಳ ನಡುವೆ ಎಲ್ಲೋ ಬೀಳುತ್ತಿತ್ತು. ನಾವೆಲ್ಲ ಕೀಬೋರ್ಡನ್ನು ಬೈದೆವು, ಒಂದೊಂದು ಸಲ ಅಣ್ಣನನ್ನೂ.

ಎಲ್‌ಪಿ 1948ರಲ್ಲಿ ಕೊಲಂಬಿಯಾ ಕಂಪನಿಯಿಂದ ಹೊರಬಂದಾಗಿನಿಂದ ಅದರ ವೇಗ ನಿಮಿಷಕ್ಕೆ 33⅓ ಸುತ್ತು. ಇದರಲ್ಲಿ ಒಂದು ಅನುಕೂಲ ಇದೆ, 3 ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಬೆರಳು ಅಡ್ಡ ಇಟ್ಟು, ಪಟ್ ಪಟ್ ಅಂತ ತಾಗಿದ್ದನ್ನು ಎಣಿಸಿದೆ. 97. ಮತ್ತೆ ಎಣಿಸಿದೆ. 97.

ವೋಲ್ಟೇಜ್ ಕಮ್ಮಿ ಇರಬೇಕು ಅಂದುಕೊಂಡೆ. ಇದು ಸಿಂಕ್ರೊನಸ್ ಮೋಟರ್, ವೋಲ್ಟೇಜಿಗೆ ಬಗ್ಗಲ್ಲ, ಕರೆಂಟಿನ ಹರ್ಟ್ಜ್ ನೋಡಿಕೊಂಡು ತಿರುಗುತ್ತದೆ. ಬೇರಿಂಗಿನಲ್ಲಿ ಗ್ರೀಸ್ ಗಟ್ಟಿಯಾಗಿ ಅಂಟಾಗಿತ್ತು. ಒರೆಸಿ ಹೊಸ ಎಣ್ಣೆ ಬಿಟ್ಟೆ. ಸದ್ದು ಕಮ್ಮಿಯಾಯಿತು, ಲೆಕ್ಕ 97ರಲ್ಲೇ ನಿಂತಿತು. ಕೊನೆಗೆ ಮೋಟರಿನಿಂದ ತಟ್ಟೆಯನ್ನು ತಿರುಗಿಸುವ ಬೆಲ್ಟ್ ತೆಗೆದು ಬೆರಳಿಗೆ ಸುತ್ತಿ ನೋಡಿದೆ. ಸಡಿಲ ಏನಿಲ್ಲ, ಆದರೆ ತೆಳು. ಯಾವ ಕಾಲದಲ್ಲೋ ರಿಪೇರಿ ಮಾಡಿದವರು ಕೈಗೆ ಸಿಕ್ಕಿದ್ದನ್ನು ಹಾಕಿದ್ದರು ಅಂತ ಕಾಣುತ್ತೆ. ಉದ್ದ ಸರಿ ಇದ್ದರೆ ಸಾಲದಾ ಅಂತ ನಾನೂ ಅಂದುಕೊಂಡೆ. ಸಾಲಲ್ಲ. ಮೋಟರಿನ ರಾಟೆ ಸೀಮೆಸುಣ್ಣದಷ್ಟೇ ದಪ್ಪ. ಅದರ ಮೇಲೆ ಕೂತ ಬೆಲ್ಟಿನ ದಪ್ಪವೂ ರಾಟೆಯ ಅಳತೆಗೆ ಸೇರಿಕೊಳ್ಳುತ್ತದೆ. ರಾಟೆ ಚಿಕ್ಕದಾದ್ದರಿಂದ ಬೆಲ್ಟ್ ಮಿಲಿಮೀಟರಿನ ಮೂರನೇ ಒಂದು ಭಾಗ ತೆಳುವಾದರೂ ವೇಗ ನೂರಕ್ಕೆ ಮೂರರಷ್ಟು ಇಳಿಯುತ್ತದೆ. ವೇಗ ಇಳಿದಷ್ಟೇ ಶ್ರುತಿಯೂ ಇಳಿಯುತ್ತದೆ. ಕೀಬೋರ್ಡಿನ ಒಂದು ಕೀಯಿಂದ ಪಕ್ಕದ ಕೀಗೆ ಶ್ರುತಿಯ ಅಂತರ ನೂರಕ್ಕೆ ಸುಮಾರು ಆರು. ಮೂರು ಅಂದರೆ ಸರಿಯಾಗಿ ಎರಡು ಕೀಗಳ ನಡುವೆ. ಪಾಪ ಅಣ್ಣ.

ಸರಿಯಾದ ದಪ್ಪದ ಬೆಲ್ಟ್ ಹುಡುಕಿ ಹಾಕಿ ಎಣಿಸಿದೆ. 100. ಗಟ್ಟಿ ಮಾಡಿಕೊಳ್ಳಲು 180 ಗೆರೆಗಳ ಸ್ಟ್ರೋಬ್ ಕಾಗದವನ್ನು ತಟ್ಟೆಯ ಮೇಲಿಟ್ಟು, ಅದೇ ಹಳೇ ಬಲ್ಬನ್ನು ಹತ್ತಿರ ಹಿಡಿದೆ. 50 ಹರ್ಟ್ಜ್ ಕರೆಂಟಿನಲ್ಲಿ ಬಲ್ಬು ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ವೇಗ ಸರಿ ಇದ್ದರೆ ಗೆರೆಗಳು ನಿಂತ ಹಾಗೆ ಕಾಣುತ್ತವೆ. ತಟ್ಟೆ ತಿರುಗುತ್ತಿತ್ತು, ಗೆರೆಗಳು ಮಸುಕಾಗಿ, ಆದರೆ ಅಲುಗದೆ ನಿಂತಿದ್ದವು.

ಆಮೇಲೆ ಅಪ್ಪನಿಗೆ ಇಷ್ಟವಾಗಿದ್ದ ರೆಕಾರ್ಡ್ ಹಾಕಿದೆ. ಒಂದು ನಿಮಿಷದಲ್ಲೇ ಏನೋ ಸರಿಯಿಲ್ಲ ಅನಿಸಿತು. ಗಾಯಕಿಗೆ ಎಲ್ಲಿಗೋ ಹೋಗುವ ಆತುರ. ದನಿ ತೆಳ್ಳಗೆ, ವಯಸ್ಸು ಕಮ್ಮಿಯಾದ ಹಾಗೆ. ಹಳೇ ರೆಕಾರ್ಡಿನ ದನಿ ಬೆಚ್ಚಗಿರುತ್ತೆ ಅಂತಾರಲ್ಲ, ನಾನೂ ಎಷ್ಟೋ ಜನರ ಹತ್ತಿರ ಹಾಗೇ ಕೊಚ್ಚಿಕೊಂಡಿದ್ದೆ. ಬೇರೆಯವರದು ಗೊತ್ತಿಲ್ಲ, ನನ್ನ ನೆನಪಿನ ಬೆಚ್ಚಗೆಯಲ್ಲಿ ಅರ್ಧ ಪಾಲು ಸವೆದ ಸೂಜಿಯದು, ಒಣಗಿದ ಕೆಪಾಸಿಟರಿನದು. ಇನ್ನರ್ಧ ಈ ತೆಳು ಬೆಲ್ಟಿನದು.

ಅಣ್ಣನನ್ನು ಕರೆಸಿದೆ. ಬೆಲ್ಟಿನ ವಿಷಯ ಹೇಳಲಿಲ್ಲ. ಸ್ವಲ್ಪ ಹೊತ್ತು ಕೇಳಿ, "ಸ್ಪೀಡ್ ಜಾಸ್ತಿ ಇಟ್ಟಿದೀಯಾ?" ಅಂದ. ಕೀಬೋರ್ಡ್ ಅವನ ಮುಂದಿಟ್ಟೆ. ಒಂದು ಕೀ ಒತ್ತಿದ, ಹಾಡಿನ ಷಡ್ಜಕ್ಕೆ ಅದು ಸರಿಯಾಗಿ ಕೂತಿತು. ತಿರುಗಿ ನನ್ನನ್ನು ನೋಡಿದ. ಆಮೇಲೆ ಆ ಕಡೆಯ ಹಾಡೆಲ್ಲ ಮುಗಿಯುವವರೆಗೆ ನುಡಿಸಿದ, ಮಧ್ಯೆ ಎರಡು ಕಡೆ ತಪ್ಪಿದ. ಅದಕ್ಕೆ ಬೆಲ್ಟನ್ನು ದೂರಲು ಆಗಲಿಲ್ಲ.

ಹಳೇ ಬೆಲ್ಟನ್ನು ಎಸೆದಿಲ್ಲ. ಒಂದು ಬೆಂಕಿಪೊಟ್ಟಣದಲ್ಲಿ ನಾಣ್ಯದ ಜೊತೆ ಇಟ್ಟಿದ್ದೇನೆ. ಇಲ್ಲಿಯವರೆಗೆ ಎರಡು ಸಲ ಹೊರಗೆ ತೆಗೆದು ಹಾಕಿದ್ದೇನೆ, ಎರಡು ಸಲವೂ ಅದೇ ರೆಕಾರ್ಡಿಗೆ.