ಹಸಿರಿನ ಅಡಿಯ ಬೆಳ್ಳಿ: 1/72 ಮಿಗ್-21ಕ್ಕೆ ಹೇರ್‌ಸ್ಪ್ರೇ ಪದ್ಧತಿ

1971ರ ಯುದ್ಧದ ಹೊತ್ತಿಗೆ ವಾಯುಪಡೆಯ ಹಲವು ಮಿಗ್-21 ಎಫ್‌ಎಲ್‌ಗಳ ಬೆಳ್ಳಿ ಮೈಮೇಲೆ ಅವಸರದಲ್ಲಿ ಮರೆಮಾಚುವ ಬಣ್ಣ ಬಳಿದಿದ್ದರು. ಅಂಥದೊಂದು ವಿಮಾನದ 1/72 ಅಳತೆಯ, ಅಂದರೆ ನಿಜದ್ದಕ್ಕಿಂತ 72 ಪಟ್ಟು ಚಿಕ್ಕದಾದ ಪ್ಲಾಸ್ಟಿಕ್ ಮಾದರಿಗೆ ಆ ಬಣ್ಣ ಸವೆದ ರೂಪ ತರಲು ಈ ಸಲ ಬ್ರಷ್ ತುದಿಯಿಂದ ಬೆಳ್ಳಿ ಚುಕ್ಕೆ ಇಡುವುದನ್ನು ಬಿಟ್ಟೆ. ಕೆಳಗೆ ಲೋಹದ ಬಣ್ಣ, ನಡುವೆ ಹೇರ್‌ಸ್ಪ್ರೇ, ಮೇಲೆ ಹಸಿರು. ಆಮೇಲೆ ನೀರು ಹಚ್ಚಿ ಹಸಿರನ್ನು ಕೀಳುವುದು.

ಜೋಡಣೆಯಲ್ಲಿ ಹೇಳುವಂಥದ್ದು ಒಂದೇ. ಬಾಲ ಕೆಳಗೆ ಕೂರಬಾರದೆಂದು ಮೂತಿಯೊಳಗೆ ಮೀನುಗಾಳದ ಸೀಸದ ಗುಂಡು ತುಂಬಿ ಸೂಪರ್‌ಗ್ಲೂ ಹಾಕಿದೆ. ಅಂಟಿಸುವ ಮೊದಲು ಭಾಗಗಳಿಗೆ ಟೇಪ್ ಸುತ್ತಿ, ಹಿಂದಿನ ಗಾಲಿ ಬರುವ ಜಾಗದಲ್ಲಿ ಬೆರಳಿಟ್ಟು ತೂಗಿ ನೋಡಿದರೆ ಎಷ್ಟು ಬೇಕೆಂದು ತಿಳಿಯುತ್ತದೆ.

ಮೈಯನ್ನು 400, 1000, 2000 ನಂಬರಿನ ಸ್ಯಾಂಡ್‌ಪೇಪರಿನಿಂದ ನೀರು ಹಾಕಿ ತಿಕ್ಕಬೇಕು. ಲೋಹದ ಬಣ್ಣ ಗೀರು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಮೊದಲು ಹೊಳಪಿನ ಕಪ್ಪು ಲ್ಯಾಕರ್, ಒಂದು ದಿನ ಬಿಟ್ಟು ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಸಾಧನ) 12 ಪಿಎಸ್ಐ ಒತ್ತಡದಲ್ಲಿ ಅಲ್ಯೂಮಿನಿಯಂ ಬಣ್ಣದ ಮೂರು ತೆಳು ಪದರ. ಕಪ್ಪು ಗಾಜಿನಂತೆ ಹೊಳೆಯದಿದ್ದರೆ ಮೇಲಿನ ಬೆಳ್ಳಿ ಸಿಮೆಂಟಿನಂತೆ ಕಾಣುತ್ತದೆ. ಏಪ್ರಿಲ್‌ನ ಧಾರವಾಡದಲ್ಲಿ ಆಗುವುದೇ ಇದು: ಹನಿ ಪ್ಲಾಸ್ಟಿಕ್ ಮುಟ್ಟುವಷ್ಟರಲ್ಲಿ ಅರ್ಧ ಒಣಗಿ ಪುಡಿಯಾಗಿ ಕೂರುತ್ತದೆ. ಮುಂಜಾನೆ ಏಳಕ್ಕೇ ಹೊಡೆದೆ, ಐದಾರು ಸೆಂಟಿಮೀಟರ್ ಹತ್ತಿರದಿಂದ. ಎರೆಮಣ್ಣಿನ ಧೂಳು ಏಳದಂತೆ ನೆಲಕ್ಕೆ ಮೊದಲು ಒದ್ದೆ ಅರಿವೆ. ಕಾರಹುಣ್ಣಿಮೆ ದಾಟಿ ಮಳೆ ಹಿಡಿದರೆ ಬೇರೆಯೇ ತಾಪತ್ರಯ. ಥಿನ್ನರ್ ಆರುವಾಗ ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಲ್ಯಾಕರ್ ಬೆಳ್ಳಗೆ ಮಸುಕಾಗುತ್ತದೆ.

ಹೇರ್‌ಸ್ಪ್ರೇ ಅಗ್ಗದ್ದೇ ಸಾಕು. ಒಂದು ಗೇಣು ದೂರದಿಂದ ಎರಡು ಹಗುರ ಪದರ. ದಪ್ಪವಾದರೆ ಮೇಲಿನ ಬಣ್ಣ ಬಿರುಕು ಬಿಡುತ್ತದೆ. ಇಪ್ಪತ್ತು ನಿಮಿಷ ಬಿಟ್ಟು ಅಕ್ರಿಲಿಕ್ ಹಸಿರು. ಎನಾಮಲ್ ನಡೆಯದು, ಅದರೊಳಗೆ ನೀರು ಇಳಿಯುವುದಿಲ್ಲ. ತೆಳು ಮಾಡಲೂ ನೀರೇ ಇರಲಿ. ಸ್ಪಿರಿಟ್ ಇರುವ ಥಿನ್ನರ್ ಹಾಕಿದರೆ ಅಡಿಯ ಹೇರ್‌ಸ್ಪ್ರೇ ಕರಗಿ ಬಣ್ಣದೊಳಗೇ ಬೆರೆಯುತ್ತದೆ. ನಳಿಕೆಯ ತುದಿಯಲ್ಲಿ ಬಣ್ಣ ಒಣಗಿ ಕಟ್ಟುತ್ತಿದ್ದರಿಂದ ಏರ್‌ಬ್ರಷ್‌ನ ಬಣ್ಣದ ಬಟ್ಟಲಿಗೆ ಎರಡು ಹನಿ ರಿಟಾರ್ಡರ್ (ಒಣಗುವುದನ್ನು ನಿಧಾನಿಸುವ ದ್ರವ) ಸೇರಿಸಿದೆ.

ಹಸಿರು ಕೈಗೆ ಅಂಟದಂತಾದ ಅರ್ಧ ತಾಸಿನೊಳಗೆ ಕೀಳಲು ಕೂರಬೇಕು. ರಾತ್ರಿ ಕಳೆದರೆ ಬಣ್ಣ ಗಟ್ಟಿಯಾಗಿ, ತಿಕ್ಕಿದಲ್ಲಿ ಬೆಳ್ಳಿಯೂ ಗೀರಾಗುತ್ತದೆ. ಉಗುರುಬೆಚ್ಚಗಿನ ನೀರು ಹಚ್ಚಿ ಅರ್ಧ ನಿಮಿಷ ಕಾದು, ಕೂದಲು ಗಿಡ್ಡ ಕತ್ತರಿಸಿದ ಹಳೆ ಬ್ರಷ್‌ನಿಂದ ಕುಟ್ಟಿದೆ. ಎಡ ರೆಕ್ಕೆಗೆ ನೀರು ಹೆಚ್ಚಾಗಿ ಹೆಬ್ಬೆರಳ ಉಗುರಿನಷ್ಟು ಹಸಿರು ಒಮ್ಮೆಲೇ ಎದ್ದುಬಂತು. ಮತ್ತೆ ಹೇರ್‌ಸ್ಪ್ರೇಯಿಂದ ಶುರು.

ಈ ಅಳತೆಯಲ್ಲಿ ಎರಡೂ ರೆಕ್ಕೆ ತುದಿಗಳ ನಡುವಿನ ಅಂತರ ಹತ್ತು ಸೆಂಟಿಮೀಟರ್ ಕೂಡ ಇಲ್ಲ. ಒಂದು ಮಿಲಿಮೀಟರ್ ಚಕ್ಕೆ ಎದ್ದರೆ ನಿಜ ವಿಮಾನದಲ್ಲಿ ಏಳು ಸೆಂಟಿಮೀಟರಿನ ಗಾಯ. ಹಾಗಾಗಿ ಜನ ಕಾಲಿಡುವ ರೆಕ್ಕೆಯ ಬುಡ, ರೆಕ್ಕೆಯ ಮುಂಚೂಣಿ ಅಂಚು, ಪದೇಪದೇ ಬಿಚ್ಚುವ ಮುಚ್ಚಳಗಳ ಸುತ್ತ ಮಾತ್ರ ಕೈಯಾಡಿಸಿದೆ. ಮೂತಿಯ ಕೋನ್ ರೇಡಾರಿನ ಹೊದಿಕೆ, ಲೋಹವಲ್ಲ. ಅಲ್ಲಿ ಬೆಳ್ಳಿ ಕಂಡರೆ ತಪ್ಪು.

ಕಿತ್ತ ದಿನವೇ ಹೊಳಪಿನ ವಾರ್ನಿಷ್ ಹೊಡೆದು ಮುಚ್ಚಬೇಕು. ಇಲ್ಲದಿದ್ದರೆ ಡೀಕಲ್ (ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ) ಕೂರಿಸುವ ನೀರಿಗೇ ಅಡಿಯ ಹೇರ್‌ಸ್ಪ್ರೇ ಮತ್ತೆ ಕರಗಿ, ಕೇಸರಿ-ಬಿಳಿ-ಹಸಿರು ವೃತ್ತದ ಜೊತೆ ಸುತ್ತಲಿನ ಬಣ್ಣವೂ ಜಾರುತ್ತದೆ.