ಐದ್ ಸೆಕೆಂಡ್ ತಾನೆ, ಬುಡಣ್ಣ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಜೆರಾಕ್ಸ್, ಹೊಟ್ಟೆ ತುಂಬಿಸುವುದು ಆನ್‌ಲೈನ್ ಅರ್ಜಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್, ಹಾಲ್ ಟಿಕೆಟ್. ದಿನಕ್ಕೆ ಹತ್ತು ಗಂಟೆ ಬ್ರೌಸರ್ ಎದುರಿಗೇ ಕೂತಿರುತ್ತೇನೆ.

ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಅನ್ನುವ ಎಕ್ಸ್‌ಟೆನ್ಷನ್, ಅಂದರೆ ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ, ನಾನು ಹಾಕಿಕೊಂಡಿದ್ದು ಯಾವ ತತ್ವಕ್ಕೂ ಅಲ್ಲ, ಸಿಟ್ಟಿಗೆ. ಒಬ್ಬ ಹುಡುಗ ಪಿಯುಸಿಯ ಹಳೇ ಪ್ರಶ್ನೆಪತ್ರಿಕೆ ಬೇಕು ಅಂದ. ಸಿಕ್ಕಿದ ಪೇಜಿನಲ್ಲಿ ನಾಲ್ಕು ಡೌನ್‌ಲೋಡ್ ಬಟನ್. ಅಂಗೈಯಷ್ಟು ದೊಡ್ಡ ಹಸಿರು ಬಟನ್ ಒಂದು. ನಿಜವಾದದ್ದು ಕೆಳಗೆಲ್ಲೋ ಸಣ್ಣ ನೀಲಿ ಅಕ್ಷರದಲ್ಲಿತ್ತು. ಹೊರಗೆ ಆರೇಳು ಜನ ನಿಂತಿದ್ದರು. ಅವಸರದಲ್ಲಿ ಹಸಿರು ಒತ್ತಿದೆ, ಬಂದ ಸೆಟಪ್ ಫೈಲನ್ನೂ ಒತ್ತಿದೆ. ಮಾರನೇ ದಿನ ಕಂಪ್ಯೂಟರ್ ಆನ್ ಮಾಡಿದರೆ ಹೋಮ್ ಪೇಜೇ ಬೇರೆ, ಮೂಲೆಯಲ್ಲಿ ರಮ್ಮಿ ಆಡಲು ಕರೆಯುವ ಕಿಟಕಿ. ಕೊನೆಗೆ ವಿಂಡೋಸನ್ನೇ ಹೊಸದಾಗಿ ಹಾಕಬೇಕಾಯಿತು. ಒಂದು ದಿನದ ವ್ಯಾಪಾರ ಹೋಯಿತು.

ಅವತ್ತು ರಾತ್ರಿ ಯುಬ್ಲಾಕ್ ಹಾಕಿಕೊಂಡೆ. ಅದೇ ಪೇಜಿಗೆ ಮತ್ತೆ ಹೋಗಿ ನೋಡಿದೆ. ನಾಲ್ಕು ಬಟನ್ ಇದ್ದ ಜಾಗದಲ್ಲಿ ಒಂದೇ ಒಂದು ನೀಲಿ ಲಿಂಕ್. ಕಳೆ ಕಿತ್ತ ಗದ್ದೆ ಥರ ಕಂಡಿತು.

ಇದು ಜಾಹೀರಾತನ್ನು ತಂದು ಮುಚ್ಚಿಡುವುದಲ್ಲ, ಹೆಚ್ಚಿನವನ್ನು ತರುವುದೇ ಇಲ್ಲ. ಈಸಿಲಿಸ್ಟ್ ಅಂತ ಒಂದು ಪಟ್ಟಿ ಇದೆ. ಯಾವ್ಯಾವ ವಿಳಾಸದಿಂದ ಜಾಹೀರಾತು ಬರುತ್ತದೆ ಅನ್ನುವುದನ್ನು ಜನ ಕೂತು ಬರೆದು ದಿನಾ ತಿದ್ದುತ್ತಾರೆ. ಬ್ರೌಸರ್ ಆ ವಿಳಾಸ ಕೇಳಲು ಹೊರಟರೆ ಯುಬ್ಲಾಕ್ ಬಾಗಿಲಲ್ಲೇ ನಿಲ್ಲಿಸುತ್ತದೆ. ಹಾಗಾಗಿ ಡೇಟಾನೂ ಉಳಿಯುತ್ತದೆ, ಪೇಜೂ ಬೇಗ ತೆರೆಯುತ್ತದೆ. ರೇಮಂಡ್ ಹಿಲ್ ಅನ್ನುವವರು 2014ರಲ್ಲಿ ಇದನ್ನು ಶುರು ಮಾಡಿದ್ದು. ಒಂದಿನ್ನೂರು ರೂಪಾಯಿ ಕಳಿಸೋಣ ಅಂತ ಹುಡುಕಿದೆ. ಯಾರ ದುಡ್ಡೂ ಬೇಡ ಅಂತ ಅವರೇ ಬರೆದಿಟ್ಟಿದ್ದಾರೆ.

ಆಮೇಲೆ ನನಗೆ ಹುಚ್ಚು ಹಿಡಿಯಿತು. ಬಂದವರಿಗೆಲ್ಲ "ಹಾಕಿಕೊಡ್ಲಾ?" ಅಂತ ಕೇಳತೊಡಗಿದೆ. ದುಡ್ಡಿಲ್ಲ, ಕಾಸಿಲ್ಲ, ಐದು ನಿಮಿಷದ ಕೆಲಸ. ಎಲ್ಲರೂ ಫೋನ್ ಮುಂದೆ ಚಾಚುತ್ತಾರೆ ಅಂದುಕೊಂಡಿದ್ದೆ. ಹತ್ತರಲ್ಲಿ ಏಳೆಂಟು ಜನ ಬೇಡ ಅಂದರು.

ಆಲೆಮನೆ ಇಟ್ಟಿರುವ ಒಬ್ಬರು ಪಹಣಿಗೆ ಬರುತ್ತಿರುತ್ತಾರೆ. ಯೂಟ್ಯೂಬ್ ಜಾಹೀರಾತಿನ ಬಗ್ಗೆ ಅವರು ಹೇಳಿದ ಮಾತು ಇದು: "ಐದ್ ಸೆಕೆಂಡ್ ತಾನೆ, ಬುಡಣ್ಣ. ಅಷ್ಟ್ರಲ್ಲಿ ಬೀಡಿ ಹಚ್ಕೋತೀನಿ." ನಾನು ವಾದಕ್ಕೆ ಇಳಿದೆ. ಅವರ ಫೋನ್ ಈಸಿಕೊಂಡು ತೋರಿಸಲು ಹೋದಾಗ ನನ್ನ ಬಾಯಿ ಕಟ್ಟಿತು. ವಾಟ್ಸಾಪ್, ಯೂಟ್ಯೂಬ್, ದುಡ್ಡು ಕಳಿಸುವ ಆ್ಯಪ್. ಬ್ರೌಸರನ್ನು ಅವರು ಒಮ್ಮೆಯೂ ತೆರೆದಿರಲಿಲ್ಲ. ಆ್ಯಪ್ ಒಳಗೆ ಬರುವ ಜಾಹೀರಾತಿಗೆ ಬ್ರೌಸರಿನ ಎಕ್ಸ್‌ಟೆನ್ಷನ್ ಏನು ಮಾಡೀತು? ಆಂಡ್ರಾಯ್ಡ್ ಕ್ರೋಮ್‌ನಲ್ಲಂತೂ ಎಕ್ಸ್‌ಟೆನ್ಷನ್ ಹಾಕಲು ದಾರಿಯೇ ಇಲ್ಲ, ಫೈರ್‌ಫಾಕ್ಸ್ ಅನ್ನುವ ಬ್ರೌಸರ್ ಬೇಕು. ಅವರು ಬೇಡ ಅಂದಿದ್ದು ಸೋಮಾರಿತನಕ್ಕೆ ಅಂತ ನಾನು ತಿಳಿದಿದ್ದೆ. ಅವರಿಗೆ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ, ಅಷ್ಟೇ.

ಇನ್ನೊಂದು ಕಾರಣ ಡೇಟಾ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬರುವ ಮುಂಚೆ ನಾವೆಲ್ಲ ಎಂಬಿ ಲೆಕ್ಕ ಹಾಕುತ್ತಿದ್ದೆವು. ಅಂಗಡಿಯ ಡಾಂಗಲ್ ರೀಚಾರ್ಜ್ ತಿಂಗಳ ಕೊನೆಗೆ ಮುಗಿದರೆ ಜೀವ ಹೋದಂತೆ. ಆಗ ಜಾಹೀರಾತು ತಿನ್ನುವ ಒಂದೊಂದು ಎಂಬಿಯೂ ಕಣ್ಣಿಗೆ ಬೀಳುತ್ತಿತ್ತು. ಈಗ ದಿನದ ಒಂದೂವರೆ ಜಿಬಿ ರಾತ್ರಿಯಾದರೂ ಮುಗಿಯುವುದಿಲ್ಲ. ಉಚಿತ ಬಸ್ಸಿನಲ್ಲಿ ಕೂತವರು ಬಸ್ಸಿನ ಮೇಲೆ ಏನು ಬರೆದಿದೆ ಅಂತ ಯಾಕೆ ನೋಡುತ್ತಾರೆ?

ಆದರೂ ಹಟ ಬಿಡಲಿಲ್ಲ. ಅಮ್ಮನ ಫೋನ್ ಹಿಡಿದೆ. ಆಂಡ್ರಾಯ್ಡ್ 9ರಿಂದ ಈಚೆಗೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಇರುತ್ತದೆ. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಅಲ್ಲಿ ಜಾಹೀರಾತು ತಡೆಯುವ ಡಿಎನ್‌ಎಸ್‌ನ ವಿಳಾಸ ಬರೆದರೆ ಆ್ಯಪ್‌ಗಳೊಳಗಿನ ಜಾಹೀರಾತೂ ಎಷ್ಟೋ ನಿಲ್ಲುತ್ತದೆ. ನಾನು ಆಡ್‌ಗಾರ್ಡ್ ಅನ್ನುವ ಕಂಪನಿಯದು ಹಾಕಿದೆ. ಯೂಟ್ಯೂಬ್‌ಗೆ ಇದು ನಾಟುವುದಿಲ್ಲ. ಅಲ್ಲಿ ವಿಡಿಯೋನೂ ಜಾಹೀರಾತೂ ಒಂದೇ ಮನೆಯಿಂದ ಬರುತ್ತವೆ. ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆ.

ಮೂರನೇ ದಿನ ಅಮ್ಮ ಕೇಳಿದರು. "ಪಂಚಾಂಗದ ಕೆಳಗೆ ಸೀರೆದು ಬತ್ತಿತ್ತಲ್ಲ, ಯಾಕ್ಲಾ ನಿಂತೋಯ್ತು?" ನಾನು ಹೆಮ್ಮೆಯಿಂದ ಹೇಳಿಕೊಂಡೆ. ಅಮ್ಮನ ಮುಖ ಇಳಿಯಿತು. ಅವರು ಕೊಳ್ಳುವುದಿಲ್ಲ, ಸುಮ್ನೆ ನೋಡುತ್ತಾರೆ. ಪೇಟೆ ಬೀದಿಯಲ್ಲಿ ಅಂಗಡಿ ಕಿಟಕಿ ನೋಡುತ್ತಾ ನಡೆದ ಹಾಗೆ. ಅದೇ ಸಂಜೆ ಅಕ್ಕನ ಮಗ ಅಳುತ್ತಾ ಬಂದ. ಅಜ್ಜಿಯ ಫೋನಿನ ಆಟದಲ್ಲಿ ವಿಡಿಯೋ ನೋಡಿದರೆ ಡೈಮಂಡ್ ಕೊಡುತ್ತಿತ್ತಂತೆ, ಈಗ ವಿಡಿಯೋನೇ ಬರುತ್ತಿಲ್ಲ. ಇಬ್ಬರ ಮುಂದೆ ನಾನು ಸೋತೆ. ತೆಗೆದುಬಿಟ್ಟೆ.

ಮೈಸೂರಿನ ಕುವೆಂಪುನಗರದಲ್ಲಿ ನನ್ನ ತಂಗಿ ಇದ್ದಾಳೆ. ಅಡುಗೆ ವಿಡಿಯೋ ಮಾಡುತ್ತಾಳೆ. ಬಸ್ಸಾರು, ಉಪ್ಸಾರು, ಹುರುಳಿಕಟ್ಟು, ಇಂಥವು. ಹಬ್ಬಕ್ಕೆ ಹೋದಾಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಅವಳದೇ ವಿಡಿಯೋ ಹಾಕಿ ತೋರಿಸಿದೆ, ನೋಡು ಜಾಹೀರಾತೇ ಇಲ್ಲ ಅಂತ. ಅವಳು ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನೋಡಿದಳು. "ಚೆನ್ನಾಗಿದೆ ಅಣ್ಣಾ. ನನ್ನ ಅನ್ನಕ್ಕೇ ಕಲ್ಲು ಹಾಕಿ ನನಗೇ ತೋರಿಸ್ತಿದ್ದೀಯಲ್ಲಾ." ಯೂಟ್ಯೂಬ್‌ನಲ್ಲಿ ಸಾವಿರ ಸಬ್‌ಸ್ಕ್ರೈಬರ್, ಒಂದು ವರ್ಷದಲ್ಲಿ 4000 ಗಂಟೆ ನೋಡಿಸಿಕೊಂಡ ಮೇಲೆ ಅವಳ ವಿಡಿಯೋಗಳ ಜಾಹೀರಾತಿಗೆ ಪಾಲು ಸಿಗಲು ಶುರುವಾಗಿತ್ತು. ಉದ್ದದ ವಿಡಿಯೋದ ಜಾಹೀರಾತಿನಲ್ಲಿ ನೂರಕ್ಕೆ 55 ಅವಳಿಗೆ. ಜಾಹೀರಾತು ಓಡದಿದ್ದರೆ ಆ ನೋಟಕ್ಕೆ ಸೊನ್ನೆ. ಅಲ್ಲೇ ಯುಬ್ಲಾಕ್‌ನ ದೊಡ್ಡ ಪವರ್ ಬಟನ್ ಒತ್ತಿ ಯೂಟ್ಯೂಬ್‌ಗೆ ಆಫ್ ಮಾಡಿದೆ. ಅದು ಒತ್ತಿದ ಸೈಟಿಗಷ್ಟೇ ಆಫ್ ಆಗುತ್ತದೆ, ಉಳಿದ ಕಡೆ ಕಾವಲು ಹಾಗೇ ಇರುತ್ತದೆ. ನಾನು ದಿನಾ ಓದುವ ಎರಡು ಊರಿನ ಸುದ್ದಿ ತಾಣಗಳಿಗೂ ಆಮೇಲೆ ಹಾಗೇ ಮಾಡಿದೆ. ಯಾರದೋ ನಕಲಿ ಬಟನ್ನಿನ ಕೋಪವನ್ನು ಇವರ ಮೇಲೆ ತೀರಿಸಿಕೊಳ್ಳುವುದು ಸರಿ ಕಾಣಲಿಲ್ಲ.

ತಾವಾಗಿಯೇ ಬಂದು ಹಾಕಿಸಿಕೊಂಡವರೂ ಇದ್ದಾರೆ. ಹೆಚ್ಚಿನವರು ನನ್ನ ಹಾಗೆ ಒಮ್ಮೆ ಕೈ ಸುಟ್ಟುಕೊಂಡವರು. ನಿವೃತ್ತ ಮೇಷ್ಟ್ರೊಬ್ಬರು ಫ್ರಿಜ್ ರಿಪೇರಿಗೆ ಕಸ್ಟಮರ್ ಕೇರ್ ನಂಬರ್ ಹುಡುಕಿದ್ದರು. ಎಲ್ಲಕ್ಕಿಂತ ಮೇಲೆ ಬಂದದ್ದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. "ಪ್ರಾಯೋಜಿತ" ಅನ್ನುವುದು ಇರುವೆ ಗಾತ್ರದ ಅಕ್ಷರ, ಅವರ ಕನ್ನಡಕಕ್ಕೆ ಕಾಣುವಂಥದ್ದಲ್ಲ. ಆ ಕಡೆಯವನು ಫಾರಂ ತುಂಬಿಸಿ, ಒಟಿಪಿ ಕೇಳಿ ಹದಿನೆಂಟು ಸಾವಿರ ಎತ್ತಿದ. ನನ್ನ ಅಂಗಡಿಗೆ ಓಡಿ ಬಂದರು, ಇಬ್ಬರೂ ಕೂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ದುಡ್ಡು ಇನ್ನೂ ಬಂದಿಲ್ಲ.

ವಾರ ಬಿಟ್ಟು ಬಂದು, "ಅದೇನೋ ತಡೆಯೋದಿದೆ ಅಂತಿದ್ಯಲ್ಲಪ್ಪ, ಹಾಕಿಬಿಡು" ಅಂದರು. ಇಂಥ ನಕಲಿ ಜಾಹೀರಾತು ಹುಡುಕಾಟದಲ್ಲಿ ಬರುತ್ತವೆ, ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬಳಸಿ ಅಂತ ಅಮೆರಿಕದ ಎಫ್‌ಬಿಐನೇ 2022ರ ಡಿಸೆಂಬರಿನಲ್ಲಿ ಜನರಿಗೆ ಹೇಳಿತ್ತು. ಮೇಷ್ಟ್ರಿಗೆ ಇದನ್ನು ಹೇಳಿದೆ. "ನೀನು ಹೇಳಿದ್ಯಲ್ಲ, ಸಾಕು" ಅಂದರು. ಫೈರ್‌ಫಾಕ್ಸ್ ಇಳಿಸಿ ಯುಬ್ಲಾಕ್ ಹಾಕಿ, ಹಳೇ ಬ್ರೌಸರಿನ ಐಕಾನನ್ನು ಒಳಗೆ ಬಚ್ಚಿಟ್ಟೆ. ಅದೊಂದು ಮುಖ್ಯ. ಮೊದಲ ಪರದೆಯ ಮೇಲೆ ಅದನ್ನು ಬಿಟ್ಟರೆ ಬೆರಳು ಅಲ್ಲಿಗೇ ಹೋಗುತ್ತದೆ.

ಒಮ್ಮೆ ಎಡವಿದ್ದೂ ಉಂಟು. ಹುಡುಗಿಯೊಬ್ಬಳ ಪರೀಕ್ಷಾ ಶುಲ್ಕ ಕಟ್ಟಿದೆ. ರಸೀದಿ ಹೊಸ ಕಿಟಕಿಯಲ್ಲಿ ತೆರೆಯಬೇಕಿತ್ತು, ತೆರೆಯಲಿಲ್ಲ. ದುಡ್ಡು ಹೋಗಿಲ್ಲ ಅಂದುಕೊಂಡು ಎರಡನೇ ಸಲ ಕಟ್ಟಲು ಹೊರಟಿದ್ದೆ. ಅಷ್ಟರಲ್ಲಿ ಅವಳ ಅಪ್ಪನ ಫೋನಿಗೆ ದುಡ್ಡು ಕಡಿತವಾದ ಮೆಸೇಜ್ ಬಂತು. ಆ ಕಿಟಕಿಯನ್ನೂ ಯುಬ್ಲಾಕ್ ತಡೆದಿತ್ತು. ಅವತ್ತಿನಿಂದ ದುಡ್ಡು ಕಟ್ಟುವ ಪೇಜಿಗೆ ಮೊದಲೇ ಅದನ್ನು ಆಫ್ ಮಾಡುತ್ತೇನೆ.

2025ರಲ್ಲಿ ಕ್ರೋಮ್ ಹಳೇ ಬಗೆಯ ಎಕ್ಸ್‌ಟೆನ್ಷನ್‌ಗಳನ್ನು ನಿಲ್ಲಿಸಿತು, ಯುಬ್ಲಾಕ್ ಆರಿಜಿನ್ ಕೂಡ ಅದರಲ್ಲೇ ನಿಂತಿತು. ಅಂಗಡಿಯ ಎರಡನೇ ಕಂಪ್ಯೂಟರಿನಲ್ಲಿ ಕ್ರೋಮ್ ಇತ್ತು, ಅದರಲ್ಲಿ ಕೂರುವವನು ಕೆಲಸದ ಹುಡುಗ. ಒಂದು ಸಂಜೆ ಅವನ ಹಿಂದೆ ನಿಂತು ನೋಡುತ್ತೇನೆ, ಪರದೆ ತುಂಬ ಚಪ್ಪಲಿ, ಲೋನು, ರಮ್ಮಿ. "ಎಷ್ಟು ದಿನದಿಂದ ಹಿಂಗಿದೆಯೋ?" ಅಂದೆ.

"ಎರಡ್ ವಾರ ಆಗಿರ್ಬೇಕಣ್ಣ."

"ಹೇಳೋದಲ್ವಾ?"

"ಮುಚ್ಕೊಂಡು ಮುಚ್ಕೊಂಡು ಕೆಲ್ಸ ಮಾಡ್ತಿದ್ದೆ ಕಣಣ್ಣ. ಹೇಳೋಕೇನಿದೆ ಅದ್ರಲ್ಲಿ?" ಅಂತ ತಿರುಗದೇ ಹೇಳಿ ಇನ್ನೊಂದನ್ನು ಮುಚ್ಚಿದ.